ಸೂಪರ್‌ಮ್ಯಾನ್‌ನ ಜನಕ ಜೆರ್ರಿ ಸೀಗಲ್

ಕೆಂಪು ಉತ್ತರೀಯವನ್ನು ಹಾರಿಸಿಕೊಂಡು ಗಗನದಲ್ಲಿ ಸಂಚರಿಸುವ ಸೂಪರ್‌ಮ್ಯಾನ್‌ನನ್ನು ಅರಿಯದವರು ನಮ್ಮ ಕಾಲೇಜಿನಲ್ಲಿ ಯಾರೂ ಇರಲಾರರು. ಆದರೆ ಅವನನ್ನು ಸೃಷ್ಟಿಸಿದವರು ಯಾರೆಂದು ನಾನು ತರಗತಿಯ ಗೆಳೆಯರನ್ನು ಕೇಳಿದಾಗ ಒಬ್ಬರಿಂದಲೂ ಉತ್ತರ ಬರಲಿಲ್ಲ. ಅದಕ್ಕಾಗಿ ಅವರನ್ನು ದೂರುವಂತಿಲ್ಲ. ಸುಮಾರು ಮೂರು ದಶಕಗಳ ಕಾಲ ಆ ಹೆಸರನ್ನು ಪುಸ್ತಕದ ಪುಟಗಳಿಂದ ಬೇಕೆಂದೇ ತೆಗೆದುಹಾಕಲಾಗಿತ್ತು. ಆ ಹೆಸರಿನವನ ಬಾಳನ್ನು ಇಲ್ಲಿ ಸಂಗ್ರಹವಾಗಿ ಹೇಳಲು ಯತ್ನಿಸಿದ್ದೇನೆ.

ಜೆರ್ರಿ ಸೀಗಲ್ 1914ನೆಯ ಇಸವಿ ಅಕ್ಟೋಬರ್ 17ರಂದು ಅಮೆರಿಕಾದ ಓಹಾಯೋ ಸಂಸ್ಥಾನದ ಕ್ಲೀವ್‌ಲೆಂಡ್ ನಗರದಲ್ಲಿ ಜನಿಸಿದನು. ತಂದೆತಾಯಿಗಳು ಲಿಥುವೇನಿಯಾದಿಂದ ವಲಸೆ ಬಂದ ಯೆಹೂದ್ಯರು. ತಂದೆ ದರ್ಜಿಯಾಗಿ ದುಡಿದು, ಮುಂದೆ ಬಟ್ಟೆಯ ಅಂಗಡಿಯಿಟ್ಟವನು. ನಮ್ಮ ಮನೆಯೂ ಹೊಲಿಗೆಯಂತ್ರದ ಸದ್ದಿನ ಮೇಲೆಯೇ ನಡೆದ ಮನೆ. ಆದುದರಿಂದ ಈ ಸಂಗತಿಯನ್ನು ಓದಿದಾಗ ಆ ಕುಟುಂಬ ನನಗೆ ದೂರದ್ದೆನಿಸಲಿಲ್ಲ. 1932ರ ಜೂನ್ ತಿಂಗಳಲ್ಲಿ ಅಂಗಡಿಗೆ ಕಳ್ಳರು ಬಂದ ಹೊತ್ತಿನಲ್ಲಿ ಆ ತಂದೆ ಕುಸಿದುಬಿದ್ದು, ಹೃದಯಾಘಾತದಿಂದ ತೀರಿಕೊಂಡನು. ಗುಂಡು ತಾಗದ ದೇಹವುಳ್ಳ, ಕಳ್ಳರನ್ನು ಹಿಡಿಯುವ ವೀರನ ಕಲ್ಪನೆ ಈ ದುಃಖದಿಂದಲೇ ಹುಟ್ಟಿತೆಂದು ಕೆಲವರು ಊಹಿಸುತ್ತಾರೆ. ಊಹೆ ಊಹೆಯೇ ಸರಿ. ಆದರೂ ಅದನ್ನು ತಳ್ಳಿಹಾಕಲು ನನಗೆ ಮನಸ್ಸು ಬಾರದು.

ಗ್ಲೆನ್‌ವಿಲ್ ಹೈಸ್ಕೂಲಿನಲ್ಲಿ ಜೆರ್ರಿಗೆ ಜೋ ಶುಸ್ಟರ್ ಎಂಬ ಸಹಪಾಠಿ ದೊರೆತನು. ಒಬ್ಬನಿಗೆ ಬರೆಯುವ ಹುಚ್ಚು, ಇನ್ನೊಬ್ಬನಿಗೆ ಚಿತ್ರದ ಹುಚ್ಚು. ಇಬ್ಬರೂ ಸಂಕೋಚದ ಸ್ವಭಾವದವರು, ಇಬ್ಬರಿಗೂ ಬಡತನ. ಚಳಿಗಾಲದಲ್ಲಿ ಬೆಂಕಿಗೆ ಗತಿಯಿಲ್ಲದ ಕೋಣೆಯಲ್ಲಿ ಜೋ ಉಣ್ಣೆಯ ಅಂಗಿಗಳನ್ನು ಒಂದರ ಮೇಲೊಂದು ತೊಟ್ಟು ಚಿತ್ರ ಬರೆಯುತ್ತಿದ್ದನಂತೆ. ಒಂದು ಬೇಸಗೆಯ ರಾತ್ರಿ ನಿದ್ದೆ ಬಾರದೆ ಹೊರಳಾಡುತ್ತಿದ್ದಾಗ ಕಥೆ ಕಂತುಕಂತಾಗಿ ಹೊಳೆಯಿತೆಂದೂ, ಬೆಳಗಾಗುತ್ತಲೇ ಗೆಳೆಯನ ಮನೆಗೆ ಓಡಿದೆನೆಂದೂ ಜೆರ್ರಿ ಮುಂದೆ ಹೇಳಿಕೊಂಡಿದ್ದಾನೆ. ಆದರೆ ಆ ಕಥೆಯನ್ನು ಕೊಳ್ಳುವವರು ಸಿಗಲಿಲ್ಲ. ಪತ್ರಿಕೆಗಳಿಗೆ ಚಿತ್ರಕಥೆ ಒದಗಿಸುವ ಸಂಸ್ಥೆಗಳೆಲ್ಲ ಅದನ್ನು ಹಿಂದಿರುಗಿಸಿದವು.

ಕೊನೆಗೆ 1938ರಲ್ಲಿ ನ್ಯೂಯಾರ್ಕಿನ ಪ್ರಕಾಶಕರು ಒಪ್ಪಿದರು. ಹದಿಮೂರು ಪುಟಗಳಿಗೆ ಪುಟಕ್ಕೆ 10 ಡಾಲರಿನಂತೆ 130 ಡಾಲರ್. ಅದರ ಜೊತೆಗೆ ರುಜು ಹಾಕಬೇಕಾದ ಒಂದು ಕಾಗದ: ಸೂಪರ್‌ಮ್ಯಾನ್‌ನ ಸಮಸ್ತ ಹಕ್ಕುಗಳೂ ಶಾಶ್ವತವಾಗಿ ಪ್ರಕಾಶಕರಿಗೆ ಸೇರತಕ್ಕದ್ದು. ಮಾರ್ಚ್ 1ರಂದು ಇಬ್ಬರೂ ರುಜು ಹಾಕಿದರು. ಆಗ ಅವರ ವಯಸ್ಸು ಇಪ್ಪತ್ತಮೂರು. ಅದನ್ನು ಮೂರ್ಖತನವೆಂದು ಹೇಳುವುದು ಸುಲಭ. ವರ್ಷಗಟ್ಟಲೆ ಬಾಗಿಲು ಬಡಿದವನಿಗೆ ಒಂದು ಬಾಗಿಲು ತೆರೆದಾಗ ಹೊಸ್ತಿಲಿನ ಕರಾರನ್ನು ಯಾರು ಓದುತ್ತಾರೆ? ಆಗಿನ ಅಮೆರಿಕಾದ ಚಿತ್ರಕಥಾ ಪುಸ್ತಕಗಳ ವ್ಯಾಪಾರದಲ್ಲಿ ಇದೇ ರೂಢಿ ಕೂಡ.

ಆ ವರ್ಷದ ಏಪ್ರಿಲಿನಲ್ಲಿ ಹತ್ತು ಸೆಂಟ್ ಬೆಲೆಯ ಆಕ್ಷನ್ ಕಾಮಿಕ್ಸ್ ಮೊದಲನೆಯ ಸಂಚಿಕೆ ಮಾರಾಟಕ್ಕೆ ಬಂದಿತು. 1939ರಲ್ಲಿ ದಿನಪತ್ರಿಕೆಯ ಚಿತ್ರಪಟ್ಟಿ, 1940ರಲ್ಲಿ ರೇಡಿಯೋ ನಾಟಕ, 1941ರಲ್ಲಿ ಚಲಿಸುವ ಚಿತ್ರ, ಹೀಗೆ ಸೂಪರ್‌ಮ್ಯಾನ್ ಹಬ್ಬಿದನು. ಗೆಳೆಯರಿಬ್ಬರಿಗೂ ಆ ವರ್ಷಗಳಲ್ಲಿ ಕೈತುಂಬ ಸಂಬಳವೇನೋ ಬಂದಿತು. ಇದನ್ನು ಮರೆಮಾಚುವುದು ನ್ಯಾಯವಲ್ಲ. ಆದರೆ ಒಡೆತನದಲ್ಲಿ ಅವರಿಗೆ ಎಳ್ಳುಕಾಳಿನಷ್ಟೂ ಪಾಲಿರಲಿಲ್ಲ.

ಕಿಚ್ಚು ಹತ್ತಿದ್ದು ಸೂಪರ್‌ಬಾಯ್ ಪ್ರಸಂಗದಿಂದ. ಸೂಪರ್‌ಮ್ಯಾನ್‌ನ ಬಾಲ್ಯವನ್ನು ಕುರಿತು ಕಥೆ ಬರೆಯುವುದಾಗಿ ಜೆರ್ರಿ ಮೊದಲೇ ಸೂಚಿಸಿದ್ದನು, ಪ್ರಕಾಶಕರು ಬೇಡವೆಂದಿದ್ದರು. 1943ರಲ್ಲಿ ಆತನು ಸೈನ್ಯಕ್ಕೆ ಸೇರಬೇಕಾಯಿತು. ಅವನು ಯುದ್ಧಸೇವೆಯಲ್ಲಿದ್ದಾಗ, ಅವನನ್ನು ಒಂದು ಮಾತೂ ಕೇಳದೆ ಅವರು ಸೂಪರ್‌ಬಾಯ್‌ನನ್ನು ಅಚ್ಚುಮಾಡಿದರು. ಮರಳಿ ಬಂದ ಮೇಲೆ, 1947ರಲ್ಲಿ, ಗೆಳೆಯರು ನ್ಯೂಯಾರ್ಕ್ ಸಂಸ್ಥಾನದ ನ್ಯಾಯಾಲಯದಲ್ಲಿ ದಾವೆ ಹೂಡಿದರು. ವಿಚಾರಣೆಗಾಗಿ ನೇಮಕವಾದ ಅಧಿಕಾರಿಯು ಸೂಪರ್‌ಮ್ಯಾನ್ ಪ್ರಕಾಶಕರಿಗೆ ಸೇರಿದವನೆಂದೂ, ಸೂಪರ್‌ಬಾಯ್ ಮಾತ್ರ ಜೆರ್ರಿಯ ಸ್ವತ್ತೆಂದೂ ತಿಳಿಸಿದನು. 1948ರಲ್ಲಿ ರಾಜಿಯಾಯಿತು. ಸುಮಾರು 94,000 ಡಾಲರಿಗೆ ಎರಡೂ ಪಾತ್ರಗಳು ಪ್ರಕಾಶಕರ ಪಾಲಾದವು. ಅದರಲ್ಲಿ ಬಹುಪಾಲು ವಕೀಲರ ಫೀಜಿಗೆ ಹೋಯಿತು. ಸೃಷ್ಟಿಕರ್ತರ ಹೆಸರೂ ಪುಟಗಳಿಂದ ಮಾಯವಾಯಿತು. ನಮ್ಮ ದೇಶದ 1957ರ ಕಾಯಿದೆಯ 57ನೆಯ ಕಲಮಿನ ಪ್ರಕಾರ, ಗ್ರಂಥಸ್ವಾಮ್ಯವನ್ನು ಮಾರಿದ ಮೇಲೂ ಕೃತಿ ತನ್ನದೆಂದು ಹೇಳಿಕೊಳ್ಳುವ ಹಕ್ಕು ಕರ್ತೃವಿಗೆ ಉಳಿಯುತ್ತದೆ. ಜೆರ್ರಿಗೆ ಅಂಥ ಆಸರೆ ಇರಲಿಲ್ಲ.

ಅದೇ ವರ್ಷ ಆತನು ಜೋವನ್‌ಳನ್ನು ಮದುವೆಯಾದನು. ಹಿಂದೆ ಜೋ ಲೋಯಿಸ್ ಲೇನಳ ಚಿತ್ರ ಬರೆಯುವಾಗ ಎದುರಿಗೆ ಕುಳಿತ ಹುಡುಗಿ ಇವಳೇ. ಗೆಳೆಯರು ಸೇರಿ ಹೊರತಂದ ಹೊಸ ಚಿತ್ರಕಥೆ ನೆಲಕಚ್ಚಿತು. 1959ರಲ್ಲಿ ಜೆರ್ರಿ ಅದೇ ಪ್ರಕಾಶಕರ ಬಾಗಿಲಿಗೆ ಹಿಂದಿರುಗಿ, ತಾನೇ ಹೆತ್ತ ಸೂಪರ್‌ಮ್ಯಾನ್‌ನ ಕಥೆಗಳನ್ನು ಹೆಸರಿಲ್ಲದ ಕೂಲಿಯಂತೆ ಬರೆದನು. ಈತನ ಬಾಳಿನಲ್ಲಿ ನನ್ನನ್ನು ಹೆಚ್ಚು ಕಲಕಿದ ಭಾಗ ನ್ಯಾಯಾಲಯದ ಸೋಲುಗಳಲ್ಲ, ಈ ವರ್ಷಗಳು.

ಅಮೆರಿಕಾದ ಆಗಿನ ಕಾನೂನಿನಲ್ಲಿ ಗ್ರಂಥಸ್ವಾಮ್ಯದ ಮೊದಲ ಅವಧಿ 28 ವರ್ಷ. ಬಳಿಕ ಅದನ್ನು ನವೀಕರಿಸಬಹುದಾಗಿತ್ತು. ಅಗ್ಗಕ್ಕೆ ಮಾರಿಕೊಂಡ ಲೇಖಕನಿಗೆ ಎರಡನೆಯ ಅವಕಾಶವಿರಲೆಂಬುದೇ ಈ ಏರ್ಪಾಡಿನ ಉದ್ದೇಶ. 1966ಕ್ಕೆ ಆ ಗಡುವು ಬಂದಾಗ ಗೆಳೆಯರು ಮತ್ತೆ ಹೋರಾಡಿದರು. ಹಳೆಯ ಕರಾರುಗಳಲ್ಲಿ ನವೀಕರಣದ ಹಕ್ಕೂ ಮಾರಾಟವಾಗಿದೆಯೆಂದು 1974ರಲ್ಲಿ ಮೇಲ್ಮನವಿಯ ನ್ಯಾಯಾಲಯ ತೀರ್ಪಿತ್ತಿತು.

ಮರುವರ್ಷ ಭಾರೀ ವೆಚ್ಚದ ಸೂಪರ್‌ಮ್ಯಾನ್ ಚಲನಚಿತ್ರದ ಸುದ್ದಿ ಹೊರಟಿತು. ಆಗ ಪ್ರಕಾಶನ ವಾರ್ನರ್ ಎಂಬ ಬೃಹತ್ ಸಂಸ್ಥೆಯ ಕೈಯಲ್ಲಿತ್ತು. ಜೆರ್ರಿ ಲಾಸ್ ಏಂಜಲೀಸಿನಲ್ಲಿ ಗುಮಾಸ್ತನಾಗಿ ಬೆರಳಚ್ಚು ಮಾಡುತ್ತಿದ್ದನು. ಜೋನ ಕಣ್ಣು ಮಂಜಾಗಿತ್ತು. ಜೆರ್ರಿ ಚಿತ್ರಕ್ಕೆ ಶಾಪ ಹಾಕಿ ಒಂದು ದೀರ್ಘ ಪತ್ರವನ್ನು ಪತ್ರಿಕೆಗಳಿಗೆ ಕಳುಹಿಸಿದನು. ನೀಲ್ ಆಡಮ್ಸ್, ಜೆರ್ರಿ ರಾಬಿನ್‌ಸನ್ ಮೊದಲಾದ ಚಿತ್ರಕಾರರು ಅವನ ಬೆನ್ನಿಗೆ ನಿಂತು ಊರೆಲ್ಲ ಕೇಳುವಂತೆ ಮಾಡಿದರು. ಕಾನೂನು ಕೊಡದಿದ್ದುದನ್ನು ನಾಚಿಕೆ ಕೊಡಿಸಿತು! 1975ರ ಡಿಸೆಂಬರಿನಲ್ಲಿ ಸಂಸ್ಥೆಯು ಇಬ್ಬರಿಗೂ ಜೀವಮಾನಪರ್ಯಂತ ವರ್ಷಕ್ಕೆ 20,000 ಡಾಲರ್ ಕೊಡಲೊಪ್ಪಿತು. ಅವರ ಹೆಸರನ್ನು ಪುಟದ ಮೇಲೆ ಮತ್ತೆ ಅಚ್ಚುಮಾಡಲೂ ಒಪ್ಪಿತು.

ಜೋ 1992ರಲ್ಲಿಯೂ, ಜೆರ್ರಿ 1996ರ ಜನವರಿ 28ರಂದೂ ತೀರಿಕೊಂಡರು. 1976ರ ಹೊಸ ಕಾಯಿದೆಯು ಹಳೆಯ ಮಾರಾಟಗಳನ್ನು 56 ವರ್ಷಗಳ ಬಳಿಕ ರದ್ದುಪಡಿಸಲು ಅವಕಾಶವಿತ್ತಿತ್ತು. ಅದನ್ನು ಹಿಡಿದು ಹೆಂಡತಿ ಮತ್ತು ಮಗಳು 1997ರಲ್ಲಿ ನೋಟೀಸು ಕೊಟ್ಟರು. 2008ರಲ್ಲಿ ಒಬ್ಬ ನ್ಯಾಯಾಧೀಶರು ಅವರ ಪರವಾಗಿ ತೀರ್ಪಿತ್ತರು. ಜೋವನ್ 2011ರಲ್ಲಿ ಗತಿಸಿದಳು. 1938ರಲ್ಲಿ ಗೆಳೆಯರಿಗೆ ಬಂದಿದ್ದ ಚೆಕ್ಕು, ಸೂಪರ್‌ಮ್ಯಾನ್‌ನ 130 ಡಾಲರೂ ಇತರ ಕೆಲಸದ ಕೂಲಿಯೂ ಸೇರಿ 412 ಡಾಲರಿನದು, 2012ರ ಹರಾಜಿನಲ್ಲಿ 1,60,000 ಡಾಲರಿಗೆ ಹೋಯಿತು. 2013ರಲ್ಲಿ ಮೇಲ್ಮನವಿಯ ನ್ಯಾಯಾಲಯವು, 2001ರಲ್ಲಿ ಕುಟುಂಬದ ವಕೀಲರು ಬರೆದ ಪತ್ರವೇ ಒಪ್ಪಂದವೆಂದು ನಿರ್ಣಯಿಸಿ, ಹಕ್ಕನ್ನು ಸಂಸ್ಥೆಗೇ ಉಳಿಸಿತು. ಅಂದಿನಿಂದ ಸೂಪರ್‌ಮ್ಯಾನ್‌ನ ಪುಸ್ತಕಗಳಲ್ಲಿ ಸೃಷ್ಟಿಕರ್ತರಿಬ್ಬರ ಹೆಸರಿನ ಕೆಳಗೆ, ಜೆರ್ರಿ ಸೀಗಲ್ ಕುಟುಂಬದೊಡನೆ ಮಾಡಿಕೊಂಡ ವಿಶೇಷ ಏರ್ಪಾಡಿನ ಮೇರೆಗೆ ಪ್ರಕಟಿಸಿದುದಾಗಿ ಇನ್ನೊಂದು ಸಾಲೂ ಅಚ್ಚಾಗುತ್ತಿದೆ.