ಘಟ್ಟದ ಕೆಳಗಿನ ಮೂರು ವರ್ಷ

ಸಾಗರದ ಹುಡುಗರಿಗೆ ಸ್ಕೂಲ್ ಟ್ರಿಪ್ ಅಂದ್ರೆ ಕೆಳದಿ, ಇಕ್ಕೇರಿ. ಸ್ವಲ್ಪ ದೊಡ್ಡವರಾದ ಮೇಲೆ ಬೈಕಲ್ಲಿ ಹೊಸನಗರ ತಾಲ್ಲೂಕಿನ ನಗರ ಕೋಟೆ, ತೀರ್ಥಹಳ್ಳಿ ಕಡೆಯ ಕವಲೇದುರ್ಗ. ಹೋದ ರಜೆಯಲ್ಲಿ ಮಂಗಳೂರಿನ ನನ್ನ ರೂಮ್‌ಮೇಟ್‌ನ ನಗರ ಕೋಟೆಗೆ ಕರ್ಕೊಂಡು ಹೋಗಿದ್ದೆ. ಸಂತ ಜೋಸೆಫ್ ವಾಜ್ ನಮ್ಮೂರಲ್ಲಿದ್ದಾಗ ಆಳ್ತಿದ್ದ ರಾಣಿ ಇಲ್ಲೇ ಇದ್ದಿದ್ದಾ ಅಂತ ಕೇಳಿದ. ನನಗೆ ಆ ಸಂತರ ಹೆಸರೇ ಗೊತ್ತಿರ್ಲಿಲ್ಲ. ಹಾಸ್ಟೆಲ್‌ಗೆ ಬಂದು ಓದಿದೆ.

ವಾಜ್ ಹುಟ್ಟಿದ್ದು 1651ರ ಏಪ್ರಿಲ್ 21ರಂದು, ಗೋವಾದ ಬೆಣಾವಲಿಯಲ್ಲಿ. ಮನೆಮಾತು ಕೊಂಕಣಿ. 1676ರಲ್ಲಿ ಪಾದ್ರಿಯಾದರು. ಆಗ ಸಿಲೋನಿನಿಂದ, ಅಂದ್ರೆ ಇವತ್ತಿನ ಶ್ರೀಲಂಕಾದಿಂದ, ಕೆಟ್ಟ ಸುದ್ದಿ ಬರ್ತಾ ಇತ್ತು. ಡಚ್ಚರು 1656ರಲ್ಲಿ ಕೊಲಂಬೊ, 1658ರಲ್ಲಿ ಜಾಫ್ನಾ ಹಿಡಿದ ಮೇಲೆ ಕ್ಯಾಥೊಲಿಕ್ ಪಾದ್ರಿಗಳನ್ನು ಓಡಿಸಿದ್ದರು. ಬಲಿಪೂಜೆ ಮಾಡೋಕೆ, ಸಾಯೋರಿಗೆ ಕೊನೆಯ ಸಂಸ್ಕಾರ ಕೊಡೋಕೆ ಯಾರೂ ಇಲ್ಲ. ದೇವರು ತಮ್ಮನ್ನು ಅಲ್ಲಿಗೇ ಕರೀತಿದ್ದಾನೆ ಅಂತ ವಾಜ್ ಅವರಿಗೆ ಗಟ್ಟಿಯಾಗಿ ಅನ್ನಿಸ್ತು. ಕಳಿಸಿ ಅಂತ ಕೇಳಿಕೊಂಡರು. ಗೋವಾದ ಹಿರಿಯರು 1681ರಲ್ಲಿ ಕಳಿಸಿದ್ದು ಮಾತ್ರ ಕೆನರಾಕ್ಕೆ, ನಮ್ಮ ಕರಾವಳಿಗೆ.

ಇದನ್ನು ನಾನು ಮೊದಲು ಸೀಟ್ ಅಲಾಟ್‌ಮೆಂಟ್ ಥರ ಓದಿಕೊಂಡೆ. ಕೇಳಿದ್ದು ಒಂದು, ಸಿಕ್ಕಿದ್ದು ಇನ್ನೊಂದು. (ನನ್ನ ಬ್ರಾಂಚ್ ಕಥೆಯೂ ಅದೇ, ಇರಲಿ.) ಆದರೆ ಕ್ರೈಸ್ತರು ದೈವಕರೆ ಅನ್ನೋದು ನಾವು ಹೇಳೋ ಪ್ಯಾಶನ್ ಅಲ್ಲ. ಪ್ಯಾಶನ್ ನಮ್ಮೊಳಗೇ ಹುಟ್ಟುತ್ತೆ. ಕರೆ ಅಂದಮೇಲೆ ಕರೆಯೋನೊಬ್ಬ ಬೇಕು, ಓಗೊಡೋನೊಬ್ಬ ಬೇಕು. ಬೈಬಲ್‌ನಲ್ಲಿ ಸಮುವೇಲ ಅನ್ನೋ ಹುಡುಗನಿಗೆ ರಾತ್ರಿ ಯಾರೋ ಕರೆದ ಹಾಗಾಗುತ್ತೆ. ಮುದುಕ ಗುರು ಏಲಿ ಕರೆದರು ಅಂದುಕೊಂಡು ಮೂರು ಸಲ ಎದ್ದು ಓಡ್ತಾನೆ. ಕರೀತಿರೋನು ದೇವರು ಅಂತ ಅವನಿಗೆ ತಿಳಿಸಿದ್ದು ಆ ಏಲಿಯೇ. ಹಾಗಾಗಿ ಕ್ಯಾಥೊಲಿಕರಲ್ಲಿ ಒಬ್ಬನಿಗೆ ಒಳಗೆ ಅನ್ನಿಸಿದರೆ ಸಾಲದು, ಧರ್ಮಸಭೆಯೂ ಒಪ್ಪಿ ಕಳಿಸಬೇಕು. ಅನ್ನಿಸಿದ್ದು ಒಂದು ಕಡೆ, ಕಳಿಸಿದ್ದು ಇನ್ನೊಂದು ಕಡೆ ಆದರೆ?

ವಾಜ್ ಬಂದಿಳಿದ ಕರಾವಳಿ ಆಗ ಕೆಳದಿ ಚೆನ್ನಮ್ಮನ ಆಳ್ವಿಕೆಯಲ್ಲಿತ್ತು. ರಾಜಧಾನಿ ಬಿದನೂರು, ಇವತ್ತಿನ ನಗರ. ಅಲ್ಲಿಂದ ಬಾಳೆಬರೆ ಘಾಟಿ ಇಳಿದರೆ ಹೊಸಂಗಡಿ, ಮುಂದೆ ಕುಂದಾಪುರ, ಬಸರೂರು. ಹೊನ್ನಾವರ, ಮಂಗಳೂರಿನ ಪೋರ್ಚುಗೀಸ್ ಕೋಟೆಗಳನ್ನು ಶಿವಪ್ಪ ನಾಯಕ 1650ರ ದಶಕದಲ್ಲೇ ಕಿತ್ತುಕೊಂಡಿದ್ದ. ಆದರೂ ಗೋವಾದವರಿಗೆ ಊಟಕ್ಕೆ ಕೆನರಾದ ಅಕ್ಕಿಯೇ ಬೇಕು, ಇವರಿಗೆ ಅಕ್ಕಿ, ಮೆಣಸು ಮಾರಬೇಕು. 1678ರ ಒಪ್ಪಂದದಲ್ಲಿ ಕರಾವಳಿಯ ಕೆಲವು ಊರುಗಳಲ್ಲಿ ಚರ್ಚ್ ಕಟ್ಟೋಕೆ ರಾಣಿಯ ಒಪ್ಪಿಗೆ ಸಿಕ್ಕಿತ್ತು.

ಹಾಗಾಗಿ ವಾಜ್ ಅವರಿಗೆ ದೊಡ್ಡ ತಲೆನೋವಾಗಿದ್ದು ಅರಮನೆ ಅಲ್ಲ, ಚರ್ಚಿನವರದೇ ಜಗಳ. ಪೋರ್ಚುಗಲ್ ರಾಜನಿಗಿದ್ದ ಹಕ್ಕು ಹಿಡಿದು ಗೋವಾದವರು ಕೆನರಾ ನಮ್ಮದು ಅಂತಿದ್ದರು. ರೋಮ್ ನೇರವಾಗಿ ನೇಮಿಸಿದ್ದ ಬಿಷಪ್ ತೋಮಸ್ ದೆ ಕಾಸ್ತ್ರೊ ಮಂಗಳೂರಲ್ಲಿದ್ದು, ಇಲ್ಲ ನಮ್ಮದು ಅಂತಿದ್ದರು. ಭಕ್ತರಲ್ಲೂ ಎರಡು ಪಾರ್ಟಿ. ಸಿಲೋನಿಗೆ ಹೊರಟಿದ್ದ ಮನುಷ್ಯನಿಗೆ ಈ ಪಂಚಾಯ್ತಿ! ವಾಜ್ ಗೋವಾದ ಪ್ರತಿನಿಧಿ, ಆದರೂ ಜಗಳ ಬೆಳೆಸದೆ ರಾಜಿಗೆ ನೋಡಿದರು. ಉಳಿದಂತೆ ಬರಿಗಾಲಲ್ಲಿ ಊರೂರು ತಿರುಗಿದರು, ಪಾಳುಬಿದ್ದ ಚರ್ಚುಗಳನ್ನು ಮತ್ತೆ ಎಬ್ಬಿಸಿದರು, ಮಕ್ಕಳಿಗೆ ಶಾಲೆ ಮಾಡಿದರು. ತಾನು ಇರಬೇಕಾದ್ದು ಇಲ್ಲಿ ಅಲ್ಲ ಅಂತ ಅನ್ನಿಸ್ತಿರುವಾಗ ಇಷ್ಟು ಕೆಲಸ ಮಾಡೋದು ಹೇಗೆ ಅಂತ ನನಗೆ ಇನ್ನೂ ಅರ್ಥ ಆಗಿಲ್ಲ. ನಾನಾಗಿದ್ರೆ ಅಟೆಂಡೆನ್ಸಿಗೆ ಎಷ್ಟು ಬೇಕೋ ಅಷ್ಟು ಮಾಡ್ತಿದ್ದೆ.

1684ರಲ್ಲಿ ಗೋವಾಕ್ಕೆ ವಾಪಸ್. ಅಲ್ಲಿ ಇನ್ನೊಂದು ಬಾಗಿಲು ಮುಚ್ಚಿತ್ತು. ಯುರೋಪಿನವರ ಸನ್ಯಾಸಿ ಸಂಘಗಳು ಭಾರತೀಯರನ್ನು ಸೇರಿಸ್ತಿರ್ಲಿಲ್ಲ. ಕರೆಯೋ ದೇವರು ಬಣ್ಣ ನೋಡದಿದ್ರೂ ಸಂಘದವರು ನೋಡ್ತಿದ್ರು. ಕೆಲವು ಗೋವಾ ಪಾದ್ರಿಗಳು ತಮ್ಮದೇ ಗುಂಪು ಕಟ್ಟಿಕೊಂಡಿದ್ದರು. 1685ರಲ್ಲಿ ವಾಜ್ ಸೇರಿಕೊಂಡ ಮೇಲೆ ಅದು ಸಂತ ಫಿಲಿಪ್ ನೇರಿ ಹೆಸರಿನ ಓರೆಟರಿ ಆಯ್ತು. 1686ರಲ್ಲಿ ಕೊನೆಗೂ ಸಿಲೋನಿಗೆ ಹೊರಟರು, ದಾರಿಯಲ್ಲಿ ಮತ್ತೆ ಕೆನರಾ.

1687ರಲ್ಲಿ ಭಿಕ್ಷುಕನ ವೇಷದಲ್ಲಿ ಜಾಫ್ನಾ ತಲುಪಿದಾಗ ಭೇದಿಯಿಂದ ಸಾಯೋ ಸ್ಥಿತಿ. ಸುಧಾರಿಸಿಕೊಂಡು ಡಚ್ಚರ ಕಣ್ಣು ತಪ್ಪಿಸಿ ಕೆಲಸ ಶುರು ಮಾಡಿದರು. ತಮಿಳು, ಸಿಂಹಳ ಕಲಿತರು. 1692ರಲ್ಲಿ ಕ್ಯಾಂಡಿಗೆ ಹೋದರೆ ಪೋರ್ಚುಗೀಸರ ಗೂಢಚಾರ ಅಂತ ಹಿಡಿದು ಸೆರೆಗೆ ಹಾಕಿದರು. ಬರಗಾಲದಲ್ಲಿ ಅವರ ಪ್ರಾರ್ಥನೆಗೆ ಮಳೆ ಬಂತು ಅಂತ ಕಥೆ ಇದೆ. ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು. ನನ್ನ ಮನಸ್ಸಲ್ಲಿ ನಿಂತಿದ್ದು 1697ರ ಸಿಡುಬು. ಜನ ರೋಗಿಗಳನ್ನು ಬಿಟ್ಟು ಓಡಿದಾಗ ವಾಜ್, ಜೊತೆಗೆ ಅವರ ಸಂಬಂಧಿ ಪಾದ್ರಿ ಜೋಸೆಫ್ ಕಾರ್ವಾಲೊ, ಮನೆಮನೆಗೆ ಹೋಗಿ ಗಾಯ ತೊಳೆದರು, ಉಣಿಸಿದರು, ಸತ್ತವರನ್ನು ಮಣ್ಣು ಮಾಡಿದರು. ಬೌದ್ಧ ರಾಜ ಎರಡನೇ ವಿಮಲಧರ್ಮಸೂರ್ಯನೇ ಅವರಿಗೆ ಆಸರೆಯಾದ.

1711ರ ಜನವರಿ 16ರಂದು ಕ್ಯಾಂಡಿಯಲ್ಲೇ ತೀರಿಕೊಂಡರು. ಊರಿಗೆ ವಾಪಸ್ ಬರಲೇ ಇಲ್ಲ. 2015ರ ಜನವರಿ 14ರಂದು ಪೋಪ್ ಫ್ರಾನ್ಸಿಸ್ ಕೊಲಂಬೊದಲ್ಲಿ ಅವರನ್ನು ಸಂತರೆಂದು ಘೋಷಿಸಿದರು. ಮಂಗಳೂರು ಹತ್ತಿರದ ಮುಡಿಪುವಿನಲ್ಲಿ ಅವರ ಹೆಸರಿನ ಪುಣ್ಯಕ್ಷೇತ್ರ ಇದೆ.

ರೂಮ್‌ಮೇಟ್ ಪ್ರಶ್ನೆಗೆ ಉತ್ತರ ಹೌದು, ಆ ಮೂರು ವರ್ಷವೂ ಬಿದನೂರಿನ ಗದ್ದುಗೆಯಲ್ಲಿದ್ದಿದ್ದು ಚೆನ್ನಮ್ಮನೇ. ಮುಂದಿನ ರಜೆಗೆ ಬಾಳೆಬರೆ ಇಳಿದು ಮುಡಿಪುಗೆ ಹೋಗೋದು ಅಂತ ಮಾತಾಗಿದೆ. ಬೈಕ್ ನನ್ನದು, ಪೆಟ್ರೋಲ್ ಅವನದು.