ಮರಿಯಾ ಸಿಬಿಲ್ಲಾ ಮೇರಿಯನ್

ಕಂಬಳಿಹುಳುವು ಕಾಲಕ್ರಮದಲ್ಲಿ ಗೂಡು ಕಟ್ಟಿ, ರೂಪವನ್ನು ಬದಲಿಸಿ, ಚಿಟ್ಟೆಯಾಗಿ ಹಾರಿಹೋಗುವುದೆಂಬ ಸಂಗತಿಯನ್ನು ಇಂದು ನಮ್ಮ ಶಾಲೆಯ ಕೆಳತರಗತಿಯ ಬಾಲಕಿಯೂ ಬಲ್ಲಳು. ಆದರೆ ಸುಮಾರು ಮುನ್ನೂರೈವತ್ತು ವರ್ಷಗಳ ಹಿಂದೆ ಯೂರೋಪಿನ ಪಂಡಿತರಲ್ಲಿ ಅನೇಕರಿಗೆ ಇದು ತಿಳಿದಿರಲಿಲ್ಲ. ಹುಳುಹುಪ್ಪಟೆಗಳು ಕೆಸರಿನಿಂದಲೂ ಕೊಳೆತ ಮಾಂಸದಿಂದಲೂ ಇಬ್ಬನಿಯಿಂದಲೂ ತಾವಾಗಿಯೇ ಹುಟ್ಟುತ್ತವೆಂದು ಅರಿಸ್ಟಾಟಲನ ಕಾಲದಿಂದ ಹೇಳಿಕೊಂಡು ಬಂದಿದ್ದ ಮಾತನ್ನೇ ಅವರು ನಂಬಿದ್ದರು. ರೇಷ್ಮೆಹುಳುವಿನ ಜೀವನಕ್ರಮವು ಮಾತ್ರ ಅದನ್ನು ಸಾಕುವವರಿಗೆ ತಿಳಿದಿತ್ತು. ಈ ಕತ್ತಲೆಯನ್ನು ನೀಗಿಸಿದವರಲ್ಲಿ ಮರಿಯಾ ಸಿಬಿಲ್ಲಾ ಮೇರಿಯನ್ ಎಂಬಾಕೆಯೂ ಒಬ್ಬಳು. ಆಕೆ ವಿಶ್ವವಿದ್ಯಾನಿಲಯದಲ್ಲಿ ಕಲಿತವಳಲ್ಲ. ಆ ಕಾಲದಲ್ಲಿ ಹೆಣ್ಣುಮಕ್ಕಳಿಗೆ ಅದರ ಬಾಗಿಲು ತೆರೆದಿರಲಿಲ್ಲ. ಮನೆಯ ಅಂಗಳದಲ್ಲಿಯೂ ಅಡಿಗೆಯ ತೋಟದಲ್ಲಿಯೂ ಕಂಡದ್ದನ್ನು ಕಂಡಂತೆಯೇ ಬರೆದಿಡುವುದೇ ಆಕೆಯ ವಿದ್ಯೆಯಾಗಿತ್ತು. ಆಕೆಯ ಚರಿತ್ರೆಯನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರ ಮುಂದೆಯೂ ಮಕ್ಕಳ ತಾಯಿತಂದೆಗಳ ಮುಂದೆಯೂ ಸಂಕ್ಷೇಪವಾಗಿ ಇಡಬೇಕೆಂಬುದು ನಮ್ಮ ಅಪೇಕ್ಷೆ.

ಮರಿಯಾಳು ೧೬೪೭ನೆಯ ಇಸವಿ ಏಪ್ರಿಲ್ ೨ರಂದು ಜರ್ಮನಿಯ ಫ್ರಾಂಕ್‌ಫರ್ಟ್ ನಗರದಲ್ಲಿ ಹುಟ್ಟಿದಳು. ತಂದೆಯಾದ ಮತ್ತೇಯಸ್ ಮೇರಿಯನ್ ತಾಮ್ರದ ಫಲಕಗಳ ಮೇಲೆ ಚಿತ್ರಗಳನ್ನು ಕೊರೆದು ಅಚ್ಚುಹಾಕುವುದರಲ್ಲಿ ಪ್ರಸಿದ್ಧನಾಗಿದ್ದನು; ಅವನು ಪ್ರಕಟಿಸಿದ ನಗರಗಳ ಚಿತ್ರಗಳು ಯೂರೋಪಿನಲ್ಲೆಲ್ಲಾ ಹೆಸರಾಗಿದ್ದವು. ಮಗಳಿಗೆ ಮೂರು ವರ್ಷ ತುಂಬಿದ ೧೬೫೦ರಲ್ಲಿಯೇ ಅವನು ತೀರಿಕೊಂಡನು. ಮರುವರ್ಷ ತಾಯಿಯು ಯಾಕೋಬ್ ಮಾರೆಲ್ ಎಂಬ ಚಿತ್ರಕಾರನನ್ನು ಮದುವೆಯಾದಳು. ಹೂವುಗಳ ಚಿತ್ರಗಳನ್ನು ಬರೆಯುವುದೇ ಇವನ ಕಸಬು. ಮಲತಂದೆಯೆಂದರೆ ನಿರ್ದಯನೆಂದು ಕಥೆಗಳಲ್ಲಿ ಓದುತ್ತೇವೆ; ಆದರೆ ಈ ಮಲತಂದೆಯು ತನ್ನ ಶಿಷ್ಯರಾದ ಹುಡುಗರ ಜೊತೆಯಲ್ಲಿ ಈ ಬಾಲಕಿಗೂ ಕುಂಚವನ್ನು ಹಿಡಿಯಲು ಕಲಿಸಿದನು. ಮುಂದೆ ಲೋಕಕ್ಕೆ ಆಕೆಯಿಂದಾದ ಉಪಕಾರಕ್ಕೆಲ್ಲಾ ಮೂಲವು ಇದೇ ಆಗಿರುವುದರಿಂದ, ಈ ಮನುಷ್ಯನನ್ನು ನಾವು ಕೃತಜ್ಞತೆಯಿಂದ ನೆನೆಯಬೇಕಾಗಿದೆ.

ಹದಿಮೂರನೆಯ ವಯಸ್ಸಿನಲ್ಲಿ, ಅಂದರೆ ೧೬೬೦ರಲ್ಲಿ, ಮರಿಯಾಳು ರೇಷ್ಮೆಹುಳುಗಳನ್ನು ಸಾಕತೊಡಗಿದಳು. ಹಿಪ್ಪುನೇರಳೆಯ ಸೊಪ್ಪನ್ನು ತಿಂದು ಬೆಳೆಯುವ ಹುಳು, ಅದರ ಜ್ವರ, ಅದರ ಗೂಡು, ಗೂಡಿನಿಂದ ಹೊರಬರುವ ಪತಂಗ, ಇವು ಮೈಸೂರು ಸೀಮೆಯ ನಮ್ಮ ಅನೇಕ ಮನೆಗಳಿಗೆ ಚಿರಪರಿಚಿತವಾದ ದೃಶ್ಯಗಳು. ಆ ಬಾಲಕಿಯಾದರೋ ಅಷ್ಟಕ್ಕೆ ತೃಪ್ತಳಾಗಲಿಲ್ಲ. ತೋಟದ ಗಿಡಗಳ ಮೇಲಿನ ಬೇರೆ ಹುಳುಗಳಿಗೂ ಇದೇ ಗತಿಯುಂಟೋ ಎಂದು ತಿಳಿಯುವುದಕ್ಕಾಗಿ, ಸಿಕ್ಕಿದ ಕಂಬಳಿಹುಳುಗಳನ್ನೆಲ್ಲಾ ಪೆಟ್ಟಿಗೆಗಳಲ್ಲಿಟ್ಟು, ಯಾವುದು ಯಾವ ಸೊಪ್ಪನ್ನು ತಿನ್ನುತ್ತದೆ, ಎಷ್ಟು ದಿನಕ್ಕೆ ಪೊರೆ ಬಿಡುತ್ತದೆ, ಎಂದು ಗೂಡಿನಿಂದ ಹೊರಡುತ್ತದೆ ಎಂಬುದನ್ನು ದಿನದಿನವೂ ನೋಡಿ ಗುರುತು ಹಾಕಿಕೊಂಡಳು. ಮಾಂಸವನ್ನು ನೊಣ ಮುಟ್ಟದಂತೆ ಮುಚ್ಚಿಟ್ಟರೆ ಅದರಲ್ಲಿ ಹುಳುಗಳು ಹುಟ್ಟುವುದಿಲ್ಲವೆಂದು ಇಟಲಿಯ ಫ್ರಾಂಚೆಸ್ಕೋ ರೇಡಿ ಎಂಬ ವೈದ್ಯನು ಪರೀಕ್ಷೆಗಳಿಂದ ತೋರಿಸಿದ್ದು ೧೬೬೮ರಲ್ಲಿ. ಅದಕ್ಕೆ ಎಂಟು ವರ್ಷ ಮುಂಚೆಯೇ ಈ ಹುಡುಗಿಯ ಅಭ್ಯಾಸವು ಆರಂಭವಾಗಿತ್ತು.

೧೬೬೫ರಲ್ಲಿ ಮಲತಂದೆಯ ಶಿಷ್ಯನಾಗಿದ್ದ ಯೋಹಾನ್ ಆಂಡ್ರಿಯಾಸ್ ಗ್ರಾಫ್ ಎಂಬವನೊಡನೆ ಆಕೆಯ ವಿವಾಹವಾಯಿತು. ೧೬೬೮ರಲ್ಲಿ ಯೋಹಾನಾ ಹೆಲೆನಾ ಎಂಬ ಮಗಳು ಹುಟ್ಟಿದಳು. ೧೬೭೦ರಲ್ಲಿ ಸಂಸಾರವು ನ್ಯೂರೆಂಬರ್ಗ್ ನಗರಕ್ಕೆ ಹೋಯಿತು. ಅಲ್ಲಿ ೧೬೭೮ರಲ್ಲಿ ದೊರೊತೆಯಾ ಮರಿಯಾ ಎಂಬ ಎರಡನೆಯ ಮಗಳು ಹುಟ್ಟಿದಳು. ನ್ಯೂರೆಂಬರ್ಗಿನಲ್ಲಿ ಮರಿಯಾಳು ಒಳ್ಳೆಯ ಮನೆತನಗಳ ಹೆಣ್ಣುಮಕ್ಕಳನ್ನು ಕೂಡಿಸಿಕೊಂಡು ಅವರಿಗೆ ಚಿತ್ರವನ್ನೂ ಕಸೂತಿಯನ್ನೂ ಕಲಿಸುತ್ತಿದ್ದಳು. ಕಸೂತಿಗೆ ಮಾದರಿಯಾಗುವ ಹೂವುಗಳ ಚಿತ್ರಪುಸ್ತಕವೊಂದನ್ನು ೧೬೭೫ರಿಂದ ಮೊದಲ್ಗೊಂಡು ಮೂರು ಭಾಗಗಳಾಗಿ ಪ್ರಕಟಿಸಿದಳು. ಗೃಹಕೃತ್ಯ, ಮಕ್ಕಳ ಪಾಲನೆ, ಪಾಠ, ಬಣ್ಣಗಳ ವ್ಯಾಪಾರ, ಇವುಗಳ ನಡುವೆ ಹುಳುಗಳ ಪೆಟ್ಟಿಗೆಗಳನ್ನು ಮಾತ್ರ ಆಕೆ ಎಂದೂ ಮರೆಯಲಿಲ್ಲ.

ಈ ದೀರ್ಘವಾದ ತಾಳ್ಮೆಯ ಫಲವು ೧೬೭೯ರಲ್ಲಿ ಬೆಳಕಿಗೆ ಬಂದಿತು. ಕಂಬಳಿಹುಳುಗಳ ಆಶ್ಚರ್ಯಕರವಾದ ರೂಪಾಂತರವನ್ನೂ ಅವುಗಳ ಆಹಾರವಾದ ಸಸ್ಯಗಳನ್ನೂ ವರ್ಣಿಸುವ ಈ ಗ್ರಂಥದಲ್ಲಿ ೫೦ ಚಿತ್ರಫಲಕಗಳಿದ್ದವು. ೧೬೮೩ರಲ್ಲಿ ಹೊರಟ ಎರಡನೆಯ ಭಾಗದಲ್ಲಿಯೂ ಅಷ್ಟೇ ಇದ್ದವು. ಪಂಡಿತರ ಲ್ಯಾಟಿನ್ ಭಾಷೆಯನ್ನು ಬಿಟ್ಟು ಜನರ ಜರ್ಮನ್ ಭಾಷೆಯಲ್ಲಿಯೇ ಅದನ್ನು ಬರೆದಳು. ಅದುವರೆಗಿನ ಚಿತ್ರಕಾರರು ಚಿಟ್ಟೆಯನ್ನು ಬೇರೆಯಾಗಿ, ಹುಳುವನ್ನು ಬೇರೆಯಾಗಿ, ಸಾಲುಸಾಲಾಗಿ ಬರೆಯುತ್ತಿದ್ದರು. ಮರಿಯಾಳಾದರೋ ಒಂದೇ ಗಿಡದ ಒಂದೇ ರೆಂಬೆಯ ಮೇಲೆ ಮೊಟ್ಟೆ, ಹುಳು, ಗೂಡು, ಚಿಟ್ಟೆ ಎಲ್ಲವನ್ನೂ ಕೂಡಿಸಿ, ಹುಳು ಕಡಿದ ಎಲೆಯನ್ನು ಸಹ ಮರೆಮಾಡದೆ ಬರೆದಳು. ಕೆಲವು ಗೂಡುಗಳಿಂದ ಚಿಟ್ಟೆಯ ಬದಲಾಗಿ ನೊಣಗಳೂ ಸಣ್ಣ ಕಣಜಗಳೂ ಹೊರಬಂದವು. ಈ ಕೀಟಗಳು ಕಂಬಳಿಹುಳುವಿನ ಮೈಯಲ್ಲಿ ಮೊಟ್ಟೆಯಿಡುವುವೆಂಬ ಕಾರಣವು ಆಕೆಗೆ ಸ್ಪಷ್ಟವಾಗಿ ಹೊಳೆಯಲಿಲ್ಲ. ಆದರೂ ಕಂಡದ್ದನ್ನು ಬಿಡದೆ ಬರೆದಿಟ್ಟಳು. ಇಷ್ಟು ಅಲ್ಪವಾದ ಜೀವಿಗಳಲ್ಲಿಯೂ ಸೃಷ್ಟಿಕರ್ತನ ಮಹಿಮೆಯು ತೋರುವುದೆಂಬ ಭಕ್ತಿಯು ಆ ಗ್ರಂಥದಲ್ಲೆಲ್ಲಾ ಕಾಣುತ್ತದೆ.

ಇಷ್ಟರಲ್ಲಿ ಸಂಸಾರದಲ್ಲಿ ವಿರಸ ಬೆಳೆದಿತ್ತು. ೧೬೮೧ರಲ್ಲಿ ಮಲತಂದೆಯು ತೀರಿಕೊಂಡ ಬಳಿಕ ಆಕೆ ಫ್ರಾಂಕ್‌ಫರ್ಟಿಗೆ ತಾಯಿಯ ಬಳಿಗೆ ಹಿಂದಿರುಗಿದಳು. ಕೆಲವು ವರ್ಷಗಳ ಮೇಲೆ ತಾಯಿಯನ್ನೂ ಇಬ್ಬರು ಹೆಣ್ಣುಮಕ್ಕಳನ್ನೂ ಕರೆದುಕೊಂಡು ಹಾಲೆಂಡಿನ ಫ್ರೀಸ್‌ಲೆಂಡ್ ಪ್ರಾಂತಕ್ಕೆ ಹೋಗಿ, ಲಬಾಡಿಸ್ಟರೆಂಬ ಕ್ರೈಸ್ತ ಭಕ್ತರ ಸಮಾಜವನ್ನು ಸೇರಿದಳು. ಅವರು ಲೋಕದ ಆಡಂಬರವನ್ನು ತೊರೆದು, ಆಸ್ತಿಯನ್ನು ಸರ್ವರಿಗೂ ಸಾಮಾನ್ಯವಾಗಿಟ್ಟುಕೊಂಡು ಬಾಳುತ್ತಿದ್ದರು. ಗಂಡನು ಅಲ್ಲಿಗೆ ಬಂದು ಕರೆದರೂ ಆಕೆ ಹೋಗಲಿಲ್ಲ. ವಿವಾಹವು ಕೊನೆಗೆ ವಿಚ್ಛೇದನದಲ್ಲಿ ಮುಗಿಯಿತು. ಈ ಸಂಗತಿಯನ್ನು ನಾವು ಹೊಗಳುವುದೂ ಇಲ್ಲ, ಮರೆಮಾಡುವುದೂ ಇಲ್ಲ. ಮಹನೀಯರ ಬಾಳಿನಲ್ಲಿಯೂ ವ್ಯಥೆಗಳಿರುತ್ತವೆ. ತಾಯಿಯು ೧೬೯೦ರಲ್ಲಿ ಗತಿಸಲು, ಮಾರನೆಯ ವರ್ಷ ಆಕೆ ಮಕ್ಕಳೊಡನೆ ಆಮ್‌ಸ್ಟರ್‌ಡ್ಯಾಮಿಗೆ ಬಂದು, ಕುಂಚದ ಕೆಲಸದಿಂದಲೇ ಮನೆಯನ್ನು ನಡೆಸಿದಳು.

ಆಮ್‌ಸ್ಟರ್‌ಡ್ಯಾಮ್ ಆಗ ಸಮುದ್ರವ್ಯಾಪಾರಕ್ಕೆ ಹೆಸರಾದ ಪಟ್ಟಣ. ದೂರದೇಶಗಳಿಂದ ಹಡಗುಗಳಲ್ಲಿ ಬಂದ ಚಿಟ್ಟೆಗಳನ್ನೂ ಜೀರುಂಡೆಗಳನ್ನೂ ಶ್ರೀಮಂತರು ಗಾಜಿನ ಪೆಟ್ಟಿಗೆಗಳಲ್ಲಿ ಜೋಡಿಸಿಡುತ್ತಿದ್ದರು. ಅವನ್ನು ನೋಡಿದಾಗ ಆಕೆಗೆ ಸಂತೋಷಕ್ಕಿಂತ ಅತೃಪ್ತಿಯೇ ಹೆಚ್ಚಾಯಿತು. ಸೂಜಿಯಿಂದ ಚುಚ್ಚಿಟ್ಟ ಸತ್ತ ಚಿಟ್ಟೆಯು ಯಾವ ಹುಳುವಿನಿಂದ ಬಂದಿತು, ಆ ಹುಳು ಯಾವ ಗಿಡವನ್ನು ತಿಂದಿತು ಎಂದು ಕೇಳಿದರೆ ಹೇಳುವವರಿರಲಿಲ್ಲ. ಆದುದರಿಂದ ದಕ್ಷಿಣ ಅಮೆರಿಕದಲ್ಲಿ ಡಚ್ಚರ ವಶದಲ್ಲಿದ್ದ ಸುರಿನಾಮ್ ದೇಶಕ್ಕೆ ತಾನೇ ಹೋಗಬೇಕೆಂದು ನಿಶ್ಚಯಿಸಿದಳು. ಪ್ರಯಾಣದ ವೆಚ್ಚಕ್ಕಾಗಿ ತನ್ನ ೨೫೫ ಚಿತ್ರಗಳನ್ನು ಮಾರಿದಳು. ಹಿಂದಿರುಗುವ ಭರವಸೆ ಇಲ್ಲದ್ದರಿಂದ ಮರಣಶಾಸನವನ್ನು ಬರೆಯಿಸಿದಳು. ೧೬೯೯ರಲ್ಲಿ, ಐವತ್ತೆರಡನೆಯ ವಯಸ್ಸಿನಲ್ಲಿ, ಇಪ್ಪತ್ತೊಂದು ವರ್ಷದ ಕಿರಿಯ ಮಗಳಾದ ದೊರೊತೆಯಾಳೊಡನೆ ಹಡಗನ್ನೇರಿದಳು. ಆ ಕಾಲದಲ್ಲಿ ಜನರು ವ್ಯಾಪಾರಕ್ಕಾಗಿಯೋ ರಾಜಕಾರ್ಯಕ್ಕಾಗಿಯೋ ಇಂಥ ಪ್ರಯಾಣವನ್ನು ಕೈಕೊಳ್ಳುತ್ತಿದ್ದರು. ಕೀಟಗಳನ್ನು ನೋಡುವುದಕ್ಕಾಗಿಯೇ ಸಾಗರವನ್ನು ದಾಟುವುದು ಎಲ್ಲರಿಗೂ ವಿಚಿತ್ರವಾಗಿ ತೋರಿತು.

ಸುರಿನಾಮಿನಲ್ಲಿ ತಾಯಿಮಗಳು ಸುಮಾರು ಇಪ್ಪತ್ತೊಂದು ತಿಂಗಳು ಇದ್ದರು. ಪಾರಾಮಾರಿಬೋ ಪಟ್ಟಣದಲ್ಲಿ ಮನೆಮಾಡಿಕೊಂಡು, ನದಿಯ ಮೇಲೆ ದೋಣಿಯಲ್ಲಿ ಹೋಗಿ, ದಟ್ಟವಾದ ಕಾಡುಗಳಲ್ಲಿ ಹುಳುಗಳನ್ನು ಹುಡುಕಿದರು. ಬಿಸಿಲು ಅಸಹ್ಯವಾಗಿತ್ತು. ಸಕ್ಕರೆಯ ತೋಟಗಳ ಒಡೆಯರಾದ ಡಚ್ಚರು, ಸಕ್ಕರೆಯನ್ನು ಬಿಟ್ಟು ಮತ್ತೇನನ್ನೋ ಹುಡುಕುವ ಈ ಹೆಂಗಸನ್ನು ನೋಡಿ ನಕ್ಕರು. ಆಕೆ ಅಲ್ಲಿ ಬರೆದ ಸಸ್ಯಗಳಲ್ಲಿ ಅನಾನಸು, ಸೀಬೆ, ಪರಂಗಿ, ಗೇರು, ಮರಗೆಣಸು ಮುಂತಾದವುಗಳಿವೆ. ಅಮೆರಿಕ ಖಂಡದಿಂದ ಬಂದ ಈ ಗಿಡಗಳು ಇಂದು ನಮ್ಮ ಕರಾವಳಿಯ ಹಿತ್ತಲುಗಳಲ್ಲಿ ಬೆಳೆಯುತ್ತಿರುವುದರಿಂದ, ಆಕೆಯ ಚಿತ್ರಗಳನ್ನು ನೋಡುವ ನಮ್ಮ ಹುಡುಗಿಯರಿಗೆ ಪರದೇಶವನ್ನು ನೋಡಿದಂತೆ ತೋರುವುದಿಲ್ಲ.

ಆ ಗಿಡಗಳಲ್ಲಿ ಒಂದರ ವಿಷಯವನ್ನು ಇಲ್ಲಿ ಹೇಳಲೇಬೇಕು. ನಮ್ಮ ಅಂಗಳಗಳಲ್ಲಿ ಕೆಂಪು ಹಳದಿ ಹೂಗಳನ್ನು ಬಿಡುವ ರತ್ನಗಂಧಿಯನ್ನೂ ಆಕೆ ಸುರಿನಾಮಿನಲ್ಲಿ ಬರೆದಳು. ಆ ದೇಶದಲ್ಲಿ ಗುಲಾಮರಾಗಿದ್ದ ಹೆಂಗಸರು, ತಮ್ಮ ಮಕ್ಕಳೂ ತಮ್ಮಂತೆ ಗುಲಾಮರಾಗಬಾರದೆಂದು ಈ ಗಿಡದ ಬೀಜದಿಂದ ಗರ್ಭವನ್ನು ಇಳಿಸಿಕೊಳ್ಳುತ್ತಿದ್ದರೆಂದು ಅವರ ಬಾಯಿಂದಲೇ ಕೇಳಿ ತನ್ನ ಗ್ರಂಥದಲ್ಲಿ ದಾಖಲೆ ಮಾಡಿದಳು. ತಾಯಂದಿರನ್ನು ಇಂಥ ಕೃತ್ಯಕ್ಕೆ ದೂಡಿದ ಕ್ರೌರ್ಯವು ಎಂಥದೆಂದು ಓದುವವರೇ ಊಹಿಸಿಕೊಳ್ಳಬಹುದು. ಹಾಗೆಂದು ಆಕೆಯು ಆ ಪದ್ಧತಿಯಿಂದ ದೂರ ನಿಂತವಳೆಂದು ನಾವು ಹೇಳಲಾರೆವು. ಕಾಡಿನಲ್ಲಿ ಕೊಡಲಿ ಹಿಡಿದು ಆಕೆಗೆ ದಾರಿ ಕಡಿದವರೂ ಗುಲಾಮರೇ. ಗಿಡಗಳ ಗುಣಗಳನ್ನು ಆಕೆಗೆ ತಿಳಿಸಿದವರು ಅವರೂ ಆ ದೇಶದ ಮೂಲನಿವಾಸಿಗಳೂ. ಅವರಿಂದ ಕಲಿತೆನೆಂದು ಆಕೆ ಗ್ರಂಥದಲ್ಲಿ ಒಪ್ಪಿಕೊಂಡಿದ್ದಾಳೆ. ಆದರೆ ಅವರ ಹೆಸರುಗಳು ಅಲ್ಲಿಲ್ಲ.

ಜ್ವರದಿಂದ ಶರೀರವು ಕುಗ್ಗಿದುದರಿಂದ, ಉದ್ದೇಶಿಸಿದ್ದಕ್ಕಿಂತ ಮುಂಚೆಯೇ ೧೭೦೧ರ ಜೂನಿನಲ್ಲಿ ಹೊರಟು ಸೆಪ್ಟೆಂಬರಿನಲ್ಲಿ ಆಮ್‌ಸ್ಟರ್‌ಡ್ಯಾಮನ್ನು ಸೇರಿದಳು. ಹದಮಾಡಿದ ತೊಗಲಿನ ಮೇಲೆ ಬರೆದ ಚಿತ್ರಗಳೂ ಒಣಗಿಸಿದ ಕೀಟಗಳೂ ಜೊತೆಯಲ್ಲಿದ್ದವು. ೧೭೦೫ರಲ್ಲಿ ಸುರಿನಾಮಿನ ಕೀಟಗಳ ರೂಪಾಂತರವೆಂಬ ಮಹಾಗ್ರಂಥವು ಲ್ಯಾಟಿನ್ ಮತ್ತು ಡಚ್ ಭಾಷೆಗಳಲ್ಲಿ ೬೦ ದೊಡ್ಡ ಫಲಕಗಳೊಡನೆ ಹೊರಟಿತು. ಕೀರ್ತಿ ದೊರೆತರೂ ಐಶ್ವರ್ಯ ದೊರೆಯಲಿಲ್ಲ. ೧೭೧೫ರಲ್ಲಿ ಲಕ್ವ ಹೊಡೆದು ಅಂಗಗಳು ಸ್ವಾಧೀನ ತಪ್ಪಿದವು. ೧೭೧೭ನೆಯ ಇಸವಿ ಜನವರಿ ೧೩ರಂದು ಆಕೆ ಪ್ರಭುವಿನಲ್ಲಿ ನಿದ್ರೆಹೋದಳು. ಕಂಬಳಿಹುಳುಗಳ ಗ್ರಂಥದ ಮೂರನೆಯ ಭಾಗವನ್ನು ಅದೇ ವರ್ಷ ದೊರೊತೆಯಾಳು ಪ್ರಕಟಿಸಿದಳು. ರಷ್ಯದ ಚಕ್ರವರ್ತಿಯಾದ ಮಹಾ ಪೀಟರನು ಮರಿಯಾಳ ಚಿತ್ರಗಳನ್ನು ಕೊಂಡು ತರಿಸಿಕೊಂಡನು. ದೊರೊತೆಯಾಳೂ ಗಂಡನೊಡನೆ ಸೇಂಟ್ ಪೀಟರ್ಸ್‌ಬರ್ಗಿಗೆ ಹೋಗಿ ಅಲ್ಲಿಯ ವಿಜ್ಞಾನ ಪರಿಷತ್ತಿನಲ್ಲಿ ಚಿತ್ರಕಲೆಯನ್ನು ಕಲಿಸಿದಳು. ಆಕೆಯ ಮಗಳಾದ ಸಲೋಮೆ ಅಬಿಗೈಲಳು ೧೭೭೬ರಲ್ಲಿ ಗಣಿತಜ್ಞರಲ್ಲಿ ಅಗ್ರಗಣ್ಯನಾದ ಆಯ್ಲರನನ್ನು ಮದುವೆಯಾದಳು.

ಮರಣದ ತರುವಾಯ ಆಕೆಯ ಮಾತಿಗೆ ಒಂದು ಪರೀಕ್ಷೆ ಕಾದಿತ್ತು. ಸುರಿನಾಮಿನ ಗ್ರಂಥದ ಒಂದು ಫಲಕದಲ್ಲಿ, ಸೀಬೆಯ ಮರದ ಕೊಂಬೆಯ ಮೇಲೆ ದೊಡ್ಡದೊಂದು ಜೇಡವು ಚಿಕ್ಕ ಹಕ್ಕಿಯನ್ನು ಹಿಡಿದು ತಿನ್ನುತ್ತಿರುವಂತೆ ಆಕೆ ಬರೆದಿದ್ದಳು. ಸ್ವೀಡನ್ನಿನ ಲಿನೇಯಸನು ಆಕೆಯ ಚಿತ್ರಗಳ ಆಧಾರದಿಂದ ಅನೇಕ ಜೀವಿಗಳಿಗೆ ಶಾಸ್ತ್ರೀಯ ಹೆಸರುಗಳನ್ನಿಟ್ಟಾಗ, ೧೭೫೮ರಲ್ಲಿ ಈ ಜೇಡಕ್ಕೂ ಹಕ್ಕಿಯನ್ನು ಸೂಚಿಸುವ ಹೆಸರನ್ನೇ ಕೊಟ್ಟನು. ಆದರೆ ಹತ್ತೊಂಬತ್ತನೆಯ ಶತಮಾನದಲ್ಲಿ ಕೆಲವು ಪಂಡಿತರು, ಜೇಡವು ಹಕ್ಕಿಯನ್ನು ತಿನ್ನುವುದುಂಟೇ ಎಂದು ಆಕೆಯನ್ನು ಹಾಸ್ಯ ಮಾಡಿ, ಗ್ರಂಥವೆಲ್ಲವೂ ನಂಬತಕ್ಕದ್ದಲ್ಲವೆಂದು ತೀರ್ಪು ಕೊಟ್ಟರು. ಆಗ ಸಾಕ್ಷಿ ಹೇಳಲು ಆಕೆ ಬದುಕಿರಲಿಲ್ಲ. ಅಮೆಜಾನ್ ನದಿಯ ಪ್ರಾಂತದಲ್ಲಿ ಹನ್ನೊಂದು ವರ್ಷ ಸಂಚರಿಸಿದ ಹೆನ್ರಿ ವಾಲ್ಟರ್ ಬೇಟ್ಸ್ ಎಂಬ ಇಂಗ್ಲಿಷ್ ಪ್ರಕೃತಿಶಾಸ್ತ್ರಜ್ಞನು, ಅಂಥ ಜೇಡವು ಚಿಕ್ಕ ಹಕ್ಕಿಗಳನ್ನು ಹಿಡಿದಿದ್ದುದನ್ನು ಸ್ವತಃ ಕಂಡು, ೧೮೬೩ರ ತನ್ನ ಪುಸ್ತಕದಲ್ಲಿ ಬರೆದನು. ಆಕೆಯ ಗ್ರಂಥದಲ್ಲಿ ತಪ್ಪುಗಳೇ ಇಲ್ಲವೆಂದಲ್ಲ. ಸುರಿನಾಮಿನ ಒಂದು ದೊಡ್ಡ ಕೀಟವು ರಾತ್ರಿಯಲ್ಲಿ ದೀಪದಂತೆ ಬೆಳಗುವುದೆಂದು ಬರೆದದ್ದು ಸರಿಯಲ್ಲವೆಂದು ಆಮೇಲೆ ಗೊತ್ತಾಗಿದೆ. ಜೇಡದ ವಿಷಯದಲ್ಲಾದರೋ ಸತ್ಯವು ಆಕೆಯ ಪಕ್ಷದಲ್ಲಿತ್ತು; ಅದು ಸ್ಥಿರಪಡುವುದಕ್ಕೆ ಗ್ರಂಥವು ಹೊರಟಂದಿನಿಂದ ೧೫೮ ವರ್ಷಗಳು ಹಿಡಿದವು. ಜರ್ಮನಿಯು ೧೯೯೨ರಲ್ಲಿ ಹೊರಡಿಸಿದ ಐನೂರು ಮಾರ್ಕುಗಳ ನೋಟಿನ ಮೇಲೆ ಆಕೆಯ ಮುಖವನ್ನು ಅಚ್ಚುಮಾಡಿ ಗೌರವಿಸಿತು. ಯೂರೋ ನಾಣ್ಯವು ಬಂದ ಮೇಲೆ ಆ ನೋಟು ಚಲಾವಣೆಯಿಂದ ಹೋಯಿತು.

ಈ ಚರಿತ್ರೆಯಿಂದ ಪೋಷಕರು ಒಂದು ಮಾತನ್ನು ಗ್ರಹಿಸಬೇಕೆಂದು ನಾವು ವಿನಯದಿಂದ ಕೇಳಿಕೊಳ್ಳುತ್ತೇವೆ. ಹದಿಮೂರು ವರ್ಷದ ಹುಡುಗಿಯು ಹುಳುಗಳನ್ನು ಪೆಟ್ಟಿಗೆಯಲ್ಲಿಟ್ಟುಕೊಂಡಾಗ, ಆ ಮನೆಯವರು ಅಸಹ್ಯಪಟ್ಟು ಅದನ್ನು ಬೀದಿಗೆ ಬಿಸಾಡಿದ್ದರೆ ಈ ಗ್ರಂಥಗಳು ಯಾವುವೂ ಹುಟ್ಟುತ್ತಿರಲಿಲ್ಲ. ನಿಮ್ಮ ಮಗಳು ಎಲೆಯನ್ನೋ ಹುಳುವನ್ನೋ ಹಕ್ಕಿಯ ಗರಿಯನ್ನೋ ಮನೆಗೆ ತಂದು ಪ್ರಶ್ನೆ ಕೇಳಿದರೆ ಅದು ಹೆಣ್ಣುಮಕ್ಕಳಿಗೆ ತಕ್ಕದ್ದಲ್ಲವೆಂದು ಬಾಯಿ ಮುಚ್ಚಿಸಬೇಡಿರಿ. ಗೃಹಕೃತ್ಯದ ಭಾರವನ್ನು ಹೊತ್ತಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರಾದರೋ, ಕಲಿಯುವ ಕಾಲವು ಕಳೆದುಹೋಯಿತೆಂದು ಎಣಿಸದಿರಲಿ. ಮರಿಯಾಳು ಸಾಗರವನ್ನು ದಾಟಿದ್ದು ಐವತ್ತು ಕಳೆದ ಮೇಲೆ, ಬೆಳೆದ ಮಗಳ ಕೈಹಿಡಿದುಕೊಂಡು. ಅಡವಿಯ ಹೂವುಗಳನ್ನು ಗಮನಿಸಿರೆಂದು ಬೋಧಿಸಿದ ಕರ್ತನು, ಗಮನಿಸುವ ಕಣ್ಣುಗಳನ್ನು ನಮ್ಮ ಹುಡುಗಿಯರಿಗೂ ಅನುಗ್ರಹಿಸಲೆಂಬುದು ನಮ್ಮ ಪ್ರಾರ್ಥನೆ.