ಟಿ. ಚೌಡಯ್ಯ

ತಿರುಮಕೂಡಲು ಚೌಡಯ್ಯ (ಜನವರಿ 1, 1895 – ಜನವರಿ 19, 1967) ಕರ್ನಾಟಕ ಶಾಸ್ತ್ರೀಯ ಸಂಗೀತದ ಪ್ರಮುಖ ಪಿಟೀಲು ವಾದಕರು. ಮೈಸೂರು ಟಿ. ಚೌಡಯ್ಯ ಎಂದೇ ಪ್ರಸಿದ್ಧರಾದ ಇವರು ಸಾಮಾನ್ಯವಾಗಿ ನಾಲ್ಕು ತಂತಿಗಳಿರುವ ಪಿಟೀಲಿಗೆ ಇನ್ನೂ ಮೂರನ್ನು ಸೇರಿಸಿ, ಏಳು ತಂತಿಯ ಪಿಟೀಲನ್ನು ಬಳಕೆಗೆ ತಂದರು. ದ್ವಾರಂ ವೆಂಕಟಸ್ವಾಮಿ ನಾಯ್ಡು ಮತ್ತು ಕುಂಭಕೋಣಂ ರಾಜಮಾಣಿಕ್ಯಂ ಪಿಳ್ಳೈ ಅವರೊಡನೆ ಇವರನ್ನು ಇಪ್ಪತ್ತನೆಯ ಶತಮಾನದ ಪಿಟೀಲು ತ್ರಿಮೂರ್ತಿಗಳಲ್ಲಿ ಒಬ್ಬರೆಂದು ಗಣಿಸಲಾಗುತ್ತದೆ. ವಾಗ್ಗೇಯಕಾರರಾಗಿ ಇವರು ಬಳಸಿದ ಅಂಕಿತ 'ತ್ರಿಮಕುಟ'.

ಜನನ ಮತ್ತು ಬಾಲ್ಯ

ಚೌಡಯ್ಯನವರು ಮೈಸೂರು ಸೀಮೆಯ ತಿರುಮಕೂಡಲಿನಲ್ಲಿ ಜನಿಸಿದರು. ತಂದೆ ಅಗಸ್ತ್ಯೇಗೌಡ, ತಾಯಿ ಸುಂದರಮ್ಮ. ಕಾವೇರಿ ಮತ್ತು ಕಪಿಲಾ ನದಿಗಳು ಕೂಡುವ ಈ ಊರು ತಿರುಮಕೂಡಲು ನರಸೀಪುರಕ್ಕೆ ಹೊಂದಿಕೊಂಡಿದೆ. ಹೆಸರಿನ ಮೊದಲಲ್ಲಿರುವ 'ಟಿ' ಈ ಊರನ್ನೇ ಸೂಚಿಸುತ್ತದೆ. ಹೊರಗಿನವರಿಗೆ ಅವರು ಮೈಸೂರು ಚೌಡಯ್ಯ ಆದರೂ ಹುಟ್ಟೂರಿನ ಗುರುತು ಹೆಸರಿನಲ್ಲಿಯೂ ಕೃತಿಗಳ ಅಂಕಿತದಲ್ಲಿಯೂ ಉಳಿಯಿತು.

ಬಿಡಾರಂ ಕೃಷ್ಣಪ್ಪನವರ ಶಿಷ್ಯತ್ವ

1910ರಲ್ಲಿ, ಹದಿನೈದರ ವಯಸ್ಸಿನಲ್ಲಿ, ಚೌಡಯ್ಯ ಮೈಸೂರು ಆಸ್ಥಾನದ ಹೆಸರಾಂತ ವಿದ್ವಾಂಸರಾದ ಬಿಡಾರಂ ಕೃಷ್ಣಪ್ಪನವರ ಬಳಿ ಶಿಷ್ಯವೃತ್ತಿಗೆ ಸೇರಿದರು. 1918ರವರೆಗೂ ನಡೆದ ಈ ಶಿಕ್ಷಣ ಅತ್ಯಂತ ಕಠಿಣವಾದದ್ದು. ಕೃಷ್ಣಪ್ಪನವರು ಮುಖ್ಯವಾಗಿ ಗಾಯಕರಾಗಿದ್ದರೆಂಬುದು ಇಲ್ಲಿ ಗಮನಿಸಬೇಕಾದ ಸಂಗತಿ. ಗಾಯಕನೊಬ್ಬನ ಕೈಕೆಳಗೆ ವಾದ್ಯವನ್ನು ಸಾಧಿಸುವ ವಿದ್ಯಾರ್ಥಿಗೆ ಕೃತಿಯ ಸಾಹಿತ್ಯ, ಪದಗಳನ್ನು ಒಡೆಯುವ ಸ್ಥಾನ, ಉಸಿರಿನ ನಿಲುಗಡೆ ಎಲ್ಲವೂ ಪಾಠದ ಭಾಗವೇ ಆಗುತ್ತವೆ. ಹಾಡುಗಾರಿಕೆಯನ್ನು ನೆರಳಿನಂತೆ ಅನುಸರಿಸುವ ಚೌಡಯ್ಯನವರ ಶಕ್ತಿಗೆ ಈ ಪಾಠಕ್ರಮವೇ ತಳಹದಿ ಎನ್ನಬಹುದು. ಕಚೇರಿಗಳಲ್ಲಿ ಕನ್ನಡದ ದೇವರನಾಮಗಳಿಗೆ ಗೌರವದ ಸ್ಥಾನ ದೊರಕಿಸಿದವರಲ್ಲಿ ಕೃಷ್ಣಪ್ಪನವರು ಪ್ರಮುಖರು. ಗಾಯಕ ಬಿ. ದೇವೇಂದ್ರಪ್ಪನವರೂ ಇದೇ ಗುರುವಿನ ಶಿಷ್ಯರು.

ಗುರುಗಳ ಕಚೇರಿಗಳಿಗೆ ಪಿಟೀಲು ನುಡಿಸುವುದರೊಂದಿಗೆ ಚೌಡಯ್ಯನವರ ವೃತ್ತಿಜೀವನ ಬೆಳೆಯಿತು. ಕೃಷ್ಣಪ್ಪನವರು 1931ರಲ್ಲಿ ನಿಧನರಾದರು. ಅವರು ಮೈಸೂರಿನಲ್ಲಿ ಕಟ್ಟಿಸಿದ್ದ ಪ್ರಸನ್ನ ಸೀತಾರಾಮ ಮಂದಿರದ ಸಂಗೀತ ಪರಂಪರೆಯೊಂದಿಗೆ ಚೌಡಯ್ಯನವರ ಸಂಬಂಧ ಮುಂದೆಯೂ ಉಳಿಯಿತು.

ಪಕ್ಕವಾದ್ಯದ ಬದುಕು

ಪಿಟೀಲು ಯುರೋಪಿನಿಂದ ಬಂದ ವಾದ್ಯ. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಅದನ್ನು ಯುರೋಪಿಯನ್ ವಾದಕರಿಂದ ಕಲಿತು ದಕ್ಷಿಣದ ಸಂಗೀತಕ್ಕೆ ಅಳವಡಿಸಿದರು. ತಂಜಾವೂರು ಸೋದರರಲ್ಲಿ ಒಬ್ಬರಾದ ವಡಿವೇಲು ಅದನ್ನು ಕಚೇರಿಯಲ್ಲಿ ನೆಲೆಗೊಳಿಸಿದರು. ಸ್ವಾತಿ ತಿರುನಾಳ್ ಮಹಾರಾಜರು 1834ರಲ್ಲಿ ಅವರಿಗೆ ದಂತದ ಪಿಟೀಲನ್ನು ಕೊಟ್ಟು ಗೌರವಿಸಿದರು. ಪಾಶ್ಚಾತ್ಯ ವಾದಕನು ಪಿಟೀಲನ್ನು ಗದ್ದದ ಕೆಳಗೆ ಹಿಡಿದು ನುಡಿಸುತ್ತಾನೆ. ದಕ್ಷಿಣದ ವಾದಕನು ಚಕ್ಕಳಮಕ್ಕಳ ಹಾಕಿ ಕುಳಿತು, ವಾದ್ಯದ ತುದಿಯನ್ನು ಬಲಪಾದದ ಹರಡಿನ ಮೇಲೂ ಇನ್ನೊಂದು ಕೊನೆಯನ್ನು ಎದೆಗೂ ಆನಿಸಿಕೊಳ್ಳುತ್ತಾನೆ. ಇದರಿಂದ ಎಡಗೈಗೆ ವಾದ್ಯವನ್ನು ಹೊರುವ ಕೆಲಸ ತಪ್ಪಿ, ಗಮಕಗಳಿಗಾಗಿ ತಂತಿಯ ಮೇಲೆ ಜಾರುವ ಸ್ವಾತಂತ್ರ್ಯ ದೊರೆಯುತ್ತದೆ. ಶ್ರುತಿ ಕೂಡಿಸುವ ಕ್ರಮವೂ ಬದಲಾಗಿದೆ: ನಾಲ್ಕು ತಂತಿಗಳು ಷಡ್ಜ, ಪಂಚಮ, ಷಡ್ಜ, ಪಂಚಮಗಳಿಗೆ ನಿಲ್ಲುತ್ತವೆ.

ಚೌಡಯ್ಯ ರಂಗಕ್ಕೆ ಬಂದ ಕಾಲದಲ್ಲಿ ಯುವ ಪಿಟೀಲು ವಾದಕನಿಗೆ ಇದ್ದ ಮುಖ್ಯ ದಾರಿ ಪಕ್ಕವಾದ್ಯ. ಇಡೀ ಕಚೇರಿಯನ್ನು ಒಬ್ಬನೇ ನಡೆಸುವ ಅವಕಾಶ ವಿರಳ. ಪ್ರಧಾನ ಗಾಯಕ ಏನು ಹಾಡುತ್ತಾನೆಂಬುದು ಮುಂಚಿತವಾಗಿ ತಿಳಿದಿರುವುದಿಲ್ಲ; ಗಾಯಕನು ರಾಗವನ್ನು ಆಲಾಪಿಸುತ್ತಿದ್ದಂತೆ ಅದನ್ನು ಹಿಂಬಾಲಿಸಬೇಕು, ಅವನು ನಿಲ್ಲಿಸಿದ ಬಳಿಕ ತನ್ನ ಮನೋಧರ್ಮದಿಂದ ಅದೇ ರಾಗವನ್ನು ಬೆಳೆಸಬೇಕು, ಕಲ್ಪನಾಸ್ವರದಲ್ಲಿ ಸರದಿಗೆ ಸರಿಯಾಗಿ ಉತ್ತರ ಕೊಡಬೇಕು. ಹೆಚ್ಚು ನುಡಿಸಿದರೆ ಗಾಯಕನನ್ನು ಮೀರಿದ ಅಪವಾದ, ಕಡಿಮೆಯಾದರೆ ಅಸಮರ್ಥನೆಂಬ ಹೆಸರು. ಮದರಾಸಿನ ಸಭೆಗಳಲ್ಲಿ ಮನ್ನಣೆ ಪಡೆಯುವುದು ಮೈಸೂರಿನ ಕಲಾವಿದನಿಗೆ ಮತ್ತೊಂದು ಪರೀಕ್ಷೆ. ಮಲೈಕೋಟ್ಟೈ ಗೋವಿಂದಸ್ವಾಮಿ ಪಿಳ್ಳೈ ಅವರಂತಹ ಹಿರಿಯರು ಅಲ್ಲಿ ವಾದನದ ಮಟ್ಟವನ್ನು ಬಹಳ ಎತ್ತರಕ್ಕೆ ಒಯ್ದಿದ್ದರು.

ಈ ಪರೀಕ್ಷೆಯಲ್ಲಿ ಚೌಡಯ್ಯ ಗೆದ್ದರು. ಅರಿಯಾಕುಡಿ ರಾಮಾನುಜ ಅಯ್ಯಂಗಾರ್, ಮುಸಿರಿ ಸುಬ್ರಮಣ್ಯ ಅಯ್ಯರ್, ಮಹಾರಾಜಪುರಂ ವಿಶ್ವನಾಥ ಅಯ್ಯರ್, ಸೆಮ್ಮಂಗುಡಿ ಶ್ರೀನಿವಾಸ ಅಯ್ಯರ್, ಜಿ. ಎನ್. ಬಾಲಸುಬ್ರಮಣ್ಯಂ ಮೊದಲಾದ ಅಗ್ರಗಣ್ಯ ಗಾಯಕರಿಗೆ ಅವರು ಸಾಥ್ ನೀಡಿದರು. ಇವರೆಲ್ಲರ ಶೈಲಿಗಳು ಒಂದಕ್ಕಿಂತ ಒಂದು ಭಿನ್ನವಾಗಿದ್ದವು. ಅವರಿಗಿಂತ ಒಂದು ವರ್ಷ ಕಿರಿಯರಾದ ಚೆಂಬೈ ವೈದ್ಯನಾಥ ಭಾಗವತರೊಂದಿಗಿನ ಜೋಡಿ ವಿಶೇಷವಾಗಿ ಜನಪ್ರಿಯವಾಯಿತು. ಚೆಂಬೈ ಅವರದು ತುಂಬು ಗಂಭೀರ ಕಂಠ. ಅದಕ್ಕೆ ಸರಿದೂಗುವ ನಾದ ಚೌಡಯ್ಯನವರ ಪಿಟೀಲಿನಲ್ಲಿತ್ತು. ಪಾಲ್ಘಾಟ್ ಮಣಿ ಅಯ್ಯರ್ ಅವರ ಮೃದಂಗ ಸೇರಿದಾಗ ಆ ಮೂವರ ಕಚೇರಿಗೆ ರಸಿಕರು ಕಾದು ಬರುತ್ತಿದ್ದರು. ಹಿರಿಯರಷ್ಟೇ ಅಲ್ಲದೆ ತಮಗಿಂತ ಮೂರು ದಶಕ ಚಿಕ್ಕವರಾದ ಕೊಳಲು ವಾದಕ ಟಿ. ಆರ್. ಮಹಾಲಿಂಗಂ ಅವರಿಗೂ ಚೌಡಯ್ಯ ಪಕ್ಕದಲ್ಲಿ ಕುಳಿತು ನುಡಿಸಿದರು.

ಏಳು ತಂತಿಯ ಪಿಟೀಲು

ಧ್ವನಿವರ್ಧಕ ಇನ್ನೂ ಸಾಮಾನ್ಯವಾಗಿರದ ದಿನಗಳಲ್ಲಿ ದೇವಾಲಯದ ಪ್ರಾಕಾರ, ಮದುವೆಯ ಚಪ್ಪರ, ರಾಮೋತ್ಸವದ ಪೆಂಡಾಲುಗಳಲ್ಲಿ ಕಚೇರಿಗಳು ನಡೆಯುತ್ತಿದ್ದವು. ಗಾಯಕನು ಎತ್ತರದ ಶ್ರುತಿಯಲ್ಲಿ ತೆರೆದ ಕಂಠದಿಂದ ಹಾಡಿ ಕೊನೆಯ ಸಾಲನ್ನು ಮುಟ್ಟಬಹುದಿತ್ತು. ಪಿಟೀಲಿನ ನಾದ ಮಾತ್ರ ಮುಂದಿನ ಕೆಲವು ಸಾಲುಗಳಲ್ಲೇ ಕರಗಿಹೋಗುತ್ತಿತ್ತು. ವರ್ಷಗಟ್ಟಲೆ ಸಾಧನೆ ಮಾಡಿ ವೇದಿಕೆಗೆ ಬಂದ ವಾದಕನ ವಿದ್ವತ್ತು ಹಿಂದೆ ಕುಳಿತವರಿಗೆ ಕೇಳಿಸುತ್ತಲೇ ಇರಲಿಲ್ಲ.

ಆ ವೇಳೆಗಾಗಲೇ ಹೆಸರು ಮಾಡಿದ್ದ ಚೌಡಯ್ಯ 1927ರ ಸುಮಾರಿಗೆ ಇದಕ್ಕೆ ವಾದ್ಯದಲ್ಲಿಯೇ ಪರಿಹಾರ ಹುಡುಕಲು ಮುಂದಾದರು. ಇದ್ದ ನಾಲ್ಕು ತಂತಿಗಳ ಪೈಕಿ ಮೂರಕ್ಕೆ ಒಂದೊಂದು ಜೊತೆ ತಂತಿಯನ್ನು ಕೂಡಿಸಿದರು. ಕಮಾನು ಒಮ್ಮೆ ಹಾಯ್ದಾಗ ಜೋಡಿ ತಂತಿಗಳೆರಡೂ ನುಡಿಯುವುದರಿಂದ ನಾದ ದೊಡ್ಡದಾಯಿತು, ಜೊತೆಗೆ ದಪ್ಪವೂ ಆಯಿತು. ಈ ಮಾರ್ಪಾಟನ್ನು ಕೇವಲ ಸದ್ದು ಹೆಚ್ಚಿಸುವ ಉಪಾಯವೆಂದು ಕಾಣುವುದು ಸರಿಯಲ್ಲ. ವಾದ್ಯದ ಕಂಠವೇ ಬದಲಾಗಿತ್ತು. ಪಾಶ್ಚಾತ್ಯ ವಾದ್ಯಕುಟುಂಬದಲ್ಲಿ ಪಿಟೀಲಿಗಿಂತ ತುಸು ದೊಡ್ಡದಾದ, ಐದು ಸ್ವರ ಕೆಳಗಿನ ಶ್ರುತಿಯ ವಯೋಲಾ ಇಂತಹ ಗಾಂಭೀರ್ಯಕ್ಕೆ ಹೆಸರಾಗಿದೆ. ಮುಂದೆ ಎಂ. ಬಾಲಮುರಳಿಕೃಷ್ಣ ಅವರು ಆ ವಾದ್ಯವನ್ನೇ ಕೈಗೆತ್ತಿಕೊಂಡು ಕರ್ನಾಟಕ ಸಂಗೀತವನ್ನು ನುಡಿಸಿದರು. ಚೌಡಯ್ಯನವರದು ಬೇರೆ ಮಾರ್ಗ. ಅವರು ಪಿಟೀಲನ್ನು ಬಿಡದೆ ಅದರ ತಂತಿಗಳ ಏರ್ಪಾಟನ್ನು ಬದಲಿಸಿದರು.

ಲಾಭದೊಂದಿಗೆ ತೊಂದರೆಯೂ ಬಂದಿತು. ಒಂದೇ ಬೆರಳು ಎರಡು ತಂತಿಗಳನ್ನು ಒಟ್ಟಿಗೆ ಒತ್ತಬೇಕು. ಒತ್ತಡ ಒಂದರ ಮೇಲೆ ಎಳ್ಳಷ್ಟು ಹೆಚ್ಚಾದರೂ ಜೋಡಿಯ ಶ್ರುತಿ ಒಡೆಯುತ್ತದೆ. ಜಾರು ಮತ್ತು ಕಂಪಿತಗಳಲ್ಲಿ ಎರಡೂ ಜೊತೆಯಾಗಿ ಸಾಗಬೇಕು. ಏಳು ಬಿರಡೆಗಳನ್ನು ತಿರುಗಿಸಿ ಶ್ರುತಿ ಮಾಡುವುದೇ ಒಂದು ಕೆಲಸ, ಹವೆ ಬದಲಾದಾಗ ಅದು ಮತ್ತಷ್ಟು ಕಠಿಣ. ಕಮಾನಿನ ಮೇಲೂ ಹೆಚ್ಚಿನ ಹಿಡಿತ ಬೇಕು. ಸಂಪ್ರದಾಯಸ್ಥರಿಂದ ಆಕ್ಷೇಪಗಳೂ ಕೇಳಿಬಂದವು. ನಾಲ್ಕು ತಂತಿಯಲ್ಲಿ ದೊರೆಯುವ ನಯ, ಸೂಕ್ಷ್ಮತೆಗಳು ಏಳರಲ್ಲಿ ಮಸುಕಾಗುತ್ತವೆ ಎಂಬುದು ಅವುಗಳ ತಿರುಳು. ದ್ವಾರಂ ಅವರ ನುಡಿಸಾಣಿಕೆಯ ಮಾಧುರ್ಯವನ್ನು ಮೆಚ್ಚಿದವರಿಗೆ ಈ ಆಕ್ಷೇಪ ಸಹಜವಾಗಿಯೇ ಕಂಡಿರಬೇಕು. ಆದರೂ ಚೌಡಯ್ಯ ತಮ್ಮ ವಾದ್ಯವನ್ನು ಕೈಬಿಡಲಿಲ್ಲ, ಏಳು ತಂತಿಯೇ ಅವರ ಗುರುತಾಯಿತು.

ಇತರ ಕಾರ್ಯಗಳು

ತೆಲುಗು, ಸಂಸ್ಕೃತ ಹಾಗೂ ಕನ್ನಡದ ಕೃತಿಗಳನ್ನು ನುಡಿಸುತ್ತಲೇ ಚೌಡಯ್ಯ ಸ್ವತಃ ಕೃತಿಗಳನ್ನೂ ರಚಿಸಿದರು. ಮೈಸೂರಿನಲ್ಲಿ ಅಯ್ಯನಾರ್ ಸಂಗೀತ ಕಾಲೇಜನ್ನು ಸ್ಥಾಪಿಸಿ ಯುವಕರಿಗೆ ಶಿಕ್ಷಣದ ಅನುಕೂಲ ಕಲ್ಪಿಸಿದರು.

ಕನ್ನಡ ಚಲನಚಿತ್ರದ ಇತಿಹಾಸದಲ್ಲಿಯೂ ಅವರ ಹೆಸರಿದೆ. 1943ರಲ್ಲಿ ತೆರೆಕಂಡ 'ವಾಣಿ' ಚಿತ್ರದ ನಿರ್ಮಾಣದಲ್ಲಿ ಅವರು ತೊಡಗಿದ್ದರು. ಕೆ. ಹಿರಣ್ಣಯ್ಯನವರು ನಿರ್ದೇಶಿಸಿದ ಈ ಚಿತ್ರ ಇಂದು ಹೆಚ್ಚಾಗಿ ನೆನಪಾಗುವುದು ಪಂಡರಿಬಾಯಿ ಅವರ ಮೊದಲ ಚಿತ್ರವೆಂದು. ಕನ್ನಡದಲ್ಲಿ ಚಿತ್ರಗಳೇ ಬೆರಳೆಣಿಕೆಯಷ್ಟಿದ್ದ ಕಾಲದಲ್ಲಿ ಸಂಗೀತ ವಿದ್ವಾಂಸರೊಬ್ಬರು ಇಂತಹ ಸಾಹಸಕ್ಕೆ ಕೈಹಾಕಿದ್ದು ಅಪರೂಪವೇ ಸರಿ.

ಪ್ರಶಸ್ತಿ, ಗೌರವಗಳು

1939ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಚೌಡಯ್ಯನವರು ಮೈಸೂರು ಆಸ್ಥಾನ ವಿದ್ವಾಂಸರಾದರು. 'ಸಂಗೀತರತ್ನ' ಎಂಬ ಬಿರುದು ಅವರ ಹೆಸರಿನೊಂದಿಗೆ ಸೇರಿಹೋಗಿದೆ. 1957ರಲ್ಲಿ ಮದರಾಸು ಸಂಗೀತ ಅಕಾಡೆಮಿಯ 'ಸಂಗೀತ ಕಲಾನಿಧಿ' ಗೌರವವೂ ಕೇಂದ್ರ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿಯೂ ದೊರೆತವು. ಬಾಳಿನ ಬಹುಭಾಗವನ್ನು ಗಾಯಕರ ಎಡಬದಿಯಲ್ಲಿ ಕುಳಿತು ಕಳೆದ ಕಲಾವಿದರೊಬ್ಬರಿಗೆ ಕಲಾನಿಧಿ ಪೀಠ ದೊರೆತದ್ದು, ಪಕ್ಕವಾದ್ಯದ ಸ್ಥಾನಮಾನದ ದೃಷ್ಟಿಯಿಂದಲೂ ಗಮನಾರ್ಹ.

ಶಿಷ್ಯರು ಮತ್ತು ವಾದ್ಯದ ಮುಂದಿನ ದಾರಿ

ವಿ. ಸೇತುರಾಮಯ್ಯ, ಕಂಡದೇವಿ ಅಳಗಿರಿಸ್ವಾಮಿ ಮೊದಲಾದವರು ಚೌಡಯ್ಯನವರ ಶಿಷ್ಯರು. ಏಳು ತಂತಿಯ ಪಿಟೀಲನ್ನು ಮುಂದಿನ ತಲೆಮಾರಿನಲ್ಲಿ ಉಳಿಸಿಕೊಂಡು ಬಂದವರಲ್ಲಿ ರುದ್ರಪಟ್ಟಣ ಮೂಲದ ಆರ್. ಆರ್. ಕೇಶವಮೂರ್ತಿಯವರು ಮುಖ್ಯರು. 2006ರಲ್ಲಿ ನಿಧನರಾದ ಅವರು ಬೆಂಗಳೂರಿನಲ್ಲಿ ಅನೇಕ ಯುವ ವಾದಕರನ್ನು ತಯಾರು ಮಾಡಿದರು; ಲಂಡನ್ನಿನಲ್ಲಿ ನೆಲೆಸಿದ ಜ್ಯೋತ್ಸ್ನಾ ಶ್ರೀಕಾಂತ್ ಅವರ ಶಿಷ್ಯೆ.

ಧ್ವನಿವರ್ಧಕವು ಸಭಾಂಗಣಗಳಲ್ಲಿ ಸಾಮಾನ್ಯವಾದ ಮೇಲೆ ಹೆಚ್ಚುವರಿ ತಂತಿಗಳ ಮೂಲ ಅಗತ್ಯ ಇಲ್ಲವಾಯಿತು. ನಾಲ್ಕು ತಂತಿಯಲ್ಲಿ ನಯವಾಗಿ ನುಡಿಸಿದ್ದನ್ನೇ ಯಂತ್ರ ಕೊನೆಯ ಸಾಲಿಗೆ ಮುಟ್ಟಿಸತೊಡಗಿತು. ವೃತ್ತಿಗೆ ಇಳಿಯುವ ಯುವಕರಿಗೆ ಇಷ್ಟು ಕಷ್ಟದ ವಾದ್ಯವನ್ನು ಆರಿಸಿಕೊಳ್ಳಲು ಕಾರಣಗಳು ಕಡಿಮೆಯಾದವು. ಹೀಗಾಗಿ ಏಳು ತಂತಿಯ ಪಿಟೀಲು ವೇದಿಕೆಯಲ್ಲಿ ಅಪರೂಪವಾಗಿದೆ.

ನಿಧನ ಮತ್ತು ಸ್ಮಾರಕ

ಚೌಡಯ್ಯನವರು ಜನವರಿ 19, 1967ರಂದು ತಮ್ಮ 72ನೆಯ ವಯಸ್ಸಿನಲ್ಲಿ ನಿಧನರಾದರು. ಅವರ ನೆನಪಿಗಾಗಿ ಬೆಂಗಳೂರಿನ ವೈಯಾಲಿಕಾವಲ್‌ನಲ್ಲಿ ಚೌಡಯ್ಯ ಸ್ಮಾರಕ ಭವನವನ್ನು ನಿರ್ಮಿಸಲಾಗಿದೆ. ಕೆ. ಕೆ. ಮೂರ್ತಿಯವರ ಶ್ರಮದಿಂದ ರೂಪುಗೊಂಡು 1980ರಲ್ಲಿ ಸಿದ್ಧವಾದ ಈ ಕಟ್ಟಡವೇ ಒಂದು ಪಿಟೀಲಿನ ಆಕಾರದಲ್ಲಿದೆ. ಬಿರಡೆ, ಕುದುರೆ, ಕಮಾನುಗಳನ್ನೂ ಅದರಲ್ಲಿ ಬಿಡದೆ ಮೂಡಿಸಲಾಗಿದೆ. ಛಾವಣಿಯುದ್ದಕ್ಕೂ ಎಳೆದಿರುವ ತಂತಿಗಳ ಸಂಖ್ಯೆ ಏಳು.